ದಂತವೈದ್ಯರ ಕುರ್ಚಿಯ ಭಯ

ಹಲ್ಲುನೋವಿಗೆ ಒಂದು ವಿಚಿತ್ರ ಸ್ವಭಾವವುಂಟು. ರಾತ್ರಿಯೆಲ್ಲ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಿ, ಅಡಿಗೆಮನೆಯ ಡಬ್ಬಿಗಳಲ್ಲಿ ಲವಂಗವನ್ನು ಹುಡುಕಿಸಿದ ನೋವು, ಬೆಳಿಗ್ಗೆ ದಂತವೈದ್ಯರ ನಾಮಫಲಕ ಕಣ್ಣಿಗೆ ಬಿದ್ದೊಡನೆ ಎಲ್ಲಿಯೋ ಅಡಗಿಬಿಡುತ್ತದೆ. ಮೆಟ್ಟಿಲು ಹತ್ತುತ್ತಿದ್ದವರು ನಡುವೆಯೇ ನಿಂತು, ನಾಲಗೆಯ ತುದಿಯಿಂದ ಹಲ್ಲನ್ನು ಒಮ್ಮೆ ಮುಟ್ಟಿ ನೋಡಿ, “ಈಗ ಎಷ್ಟೋ ವಾಸಿ” ಎಂದುಕೊಂಡು ಹಿಂದಿರುಗುತ್ತಾರೆ. ಮನೆಯಲ್ಲಿ ಕೇಳಿದರೆ ವೈದ್ಯರು ಇರಲಿಲ್ಲವೆಂದೋ, ಬಹಳ ಜನ ಕಾದಿದ್ದರೆಂದೋ ಉತ್ತರ ಸಿದ್ಧವಾಗಿರುತ್ತದೆ. ಬೇರೆ ಯಾವ ವಿಷಯದಲ್ಲಿಯೂ ಸುಳ್ಳಾಡದ ಸಭ್ಯರು ಹಲ್ಲಿನ ವಿಷಯದಲ್ಲಿ ಮಾತ್ರ ಇಷ್ಟು ಸಲೀಸಾಗಿ ಆಡಿಬಿಡುತ್ತಾರೆ.

ಇಂತಹ ಒಬ್ಬ ಗೃಹಸ್ಥರನ್ನು ವಡೋದರಾ ನಗರದ ಮಂಜಲ್‌ಪುರದಲ್ಲಿ ಊಹಿಸಿಕೊಳ್ಳುವುದು ಕಷ್ಟವಲ್ಲ. ಕೋಯಲಿಯ ತೈಲ ಶುದ್ಧೀಕರಣ ಕೇಂದ್ರವು 1965ರಲ್ಲಿ ಕೆಲಸ ಆರಂಭಿಸಿದಂದಿನಿಂದ, 1969ರಲ್ಲಿ ಇಂಡಿಯನ್ ಪೆಟ್ರೋಕೆಮಿಕಲ್ಸ್ ಸಂಸ್ಥೆ ಸ್ಥಾಪನೆಯಾದ ಮೇಲಂತೂ, ಹೊರ ರಾಜ್ಯಗಳ ಜನರು ಉದ್ಯೋಗಾರ್ಥಿಗಳಾಗಿ ಈ ನಗರಕ್ಕೆ ಬಂದು ನೆಲೆಸುತ್ತ ಬಂದಿದ್ದಾರೆ. ನಗರದ ದಕ್ಷಿಣಕ್ಕಿರುವ ಮಂಜಲ್‌ಪುರಕ್ಕೆ ಮಕರ್‌ಪುರದ ಕೈಗಾರಿಕಾ ವಸಾಹತು ಹತ್ತಿರವಾದುದು. ಊಹೆಯ ಈ ಗೃಹಸ್ಥರೂ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಲೇತು, ಡ್ರಿಲ್ಲುಗಳೊಡನೆ ಏಗಿದವರು. ಉಕ್ಕಿನಲ್ಲಿ ತೂತು ಕೊರೆಯುವುದನ್ನು ಹುಡುಗರಿಗೆ ಕಲಿಸಿಕೊಟ್ಟವರು. ಆದರೆ ಅಕ್ಕಿಕಾಳಿಗಿಂತ ಸಣ್ಣದಾದ ಒಂದು ಕೊರೆಯುವ ಮೊನೆ ತಮ್ಮ ದವಡೆ ಹಲ್ಲಿನ ಕಡೆಗೆ ಬರುವುದೆಂದರೆ ಅವರ ಅಂಗೈ ಬೆವರುತ್ತದೆ. ಬಲಗಡೆಯ ಹಲ್ಲು ಹುಳುಕಾಗಿ ಎರಡು ವರ್ಷವಾಗಿದೆ. ಅಂದಿನಿಂದ ಅವರು ಎಡಗಡೆಯಲ್ಲಿಯೇ ಅಗಿಯುತ್ತಿದ್ದಾರೆ.

ಇದನ್ನು ಹೇಡಿತನವೆಂದು ನಗುವುದು ಸುಲಭ, ಆದರೆ ನ್ಯಾಯವಲ್ಲ. ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇಕಡಾ 15 ಮಂದಿಗೆ ದಂತಚಿಕಿತ್ಸೆಯ ಭಯವಿದೆ. ಶೇಕಡಾ 3ರಷ್ಟು ಮಂದಿಯಲ್ಲಿ ಅದು ಅತಿ ತೀವ್ರವಾಗಿದೆ. ಈ ಭಯವನ್ನು ಅಳೆಯಲು ಅಮೆರಿಕದ ಮನೋವಿಜ್ಞಾನಿ ನಾರ್ಮನ್ ಕೋರಾ 1969ರಲ್ಲಿಯೇ ನಾಲ್ಕು ಪ್ರಶ್ನೆಗಳ ಒಂದು ಅಳತೆಗೋಲನ್ನು ರಚಿಸಿದರು. ನಾಳೆ ದಂತವೈದ್ಯರಲ್ಲಿಗೆ ಹೋಗಬೇಕೆಂದರೆ ಹೇಗೆನಿಸುತ್ತದೆ? ಹೊರಗೆ ಸರದಿಗಾಗಿ ಕಾದಿರುವಾಗ ಹೇಗೆ? ಕುರ್ಚಿಯಲ್ಲಿ ಕುಳಿತು, ವೈದ್ಯರು ಕೊರೆಯುವ ಯಂತ್ರವನ್ನು ಸಿದ್ಧಪಡಿಸುತ್ತಿರುವಾಗ ಹೇಗೆ? ಹಲ್ಲಿನ ಕೊಳೆ ತೆಗೆಯುವ ಉಪಕರಣಗಳನ್ನು ಅಣಿಗೊಳಿಸುತ್ತಿರುವಾಗ ಹೇಗೆ? ಬ್ರಿಟನ್ನಿನ ಗೆರಿ ಹಂಫ್ರಿಸ್ 1995ರಲ್ಲಿ ಇದಕ್ಕೆ ಸೂಜಿಯ ಕುರಿತಾದ ಐದನೆಯ ಪ್ರಶ್ನೆಯನ್ನು ಸೇರಿಸಿದರು. ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ; ಒಟ್ಟು 19 ಅಥವಾ ಅದಕ್ಕಿಂತ ಹೆಚ್ಚು ಬಂದವರದು ತೀವ್ರ ಭಯ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ: ಈ ಪ್ರಶ್ನೆಗಳಲ್ಲಿ ಒಂದೂ ‘ಎಷ್ಟು ನೋಯಿತು’ ಎಂದು ಕೇಳುವುದಿಲ್ಲ. ಎಲ್ಲವೂ ಇನ್ನೂ ಆಗದಿರುವುದರ ಕುರಿತಾದವು.

ಭಯದ ಮೂಲ

ಆಗದಿರುವುದನ್ನು ಕುರಿತು ಭಯಪಡಬೇಕಾದರೆ ಹಿಂದೆ ಆದುದರ ನೆನಪು ಬೇಕು. ತನ್ನದಲ್ಲದಿದ್ದರೆ ತಂದೆಯದು, ಅಜ್ಜನದು. ಕರ್ನಾಟಕದ ಹಳ್ಳಿಗಳಲ್ಲಿ ಒಂದೆರಡು ತಲೆಮಾರಿನ ಹಿಂದೆ ಹಲ್ಲಿನ ಚಿಕಿತ್ಸೆಯೆಂದರೆ ಕೀಳುವುದು ಎಂದೇ ಅರ್ಥವಾಗಿತ್ತು. ಬೆಂಗಳೂರಿನಲ್ಲಿ ಸರಕಾರಿ ದಂತವೈದ್ಯ ಕಾಲೇಜು ಆರಂಭವಾದದ್ದು 1958ರಲ್ಲಿ. ಮಣಿಪಾಲದ ಕಾಲೇಜು 1965ರಲ್ಲಿ. ಇತ್ತ ಅಹಮದಾಬಾದಿನ ಸರಕಾರಿ ದಂತವೈದ್ಯ ಕಾಲೇಜು 1963ರಲ್ಲಿ. ಅದಕ್ಕೆ ಮುನ್ನ ದೊಡ್ಡ ಊರುಗಳ ಹೊರಗೆ ತರಬೇತಾದ ದಂತವೈದ್ಯರು ಅಪರೂಪ. ಅಲ್ಲಾಡುವ ಹಲ್ಲಿಗೆ ದಾರ ಕಟ್ಟಿ ಬಾಗಿಲಿಗೆ ಬಿಗಿದವರು, ಇಬ್ಬರು ಹಿಡಿದುಕೊಂಡಿರಲು ಮೂರನೆಯವನಿಂದ ಇಕ್ಕಳ ಹಾಕಿಸಿಕೊಂಡವರು ಆ ಕಥೆಗಳನ್ನು ಮಕ್ಕಳೆದುರು ಹಾಸ್ಯವಾಗಿ ಹೇಳಿದರು. ಕೇಳಿದ ಮಕ್ಕಳು ನಕ್ಕರು, ಆದರೆ ಮರೆಯಲಿಲ್ಲ.

ಆ ಕಾಲದ ನೋವು ಸುಳ್ಳಲ್ಲ. ನೋವಿಲ್ಲದ ಚಿಕಿತ್ಸೆಗಾಗಿ ಹೆಚ್ಚು ಹಂಬಲಿಸಿದವರು ದಂತವೈದ್ಯರೇ ಎಂಬುದು ಚರಿತ್ರೆಯಲ್ಲಿ ದಾಖಲಾಗಿದೆ. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ನಗೆಯನಿಲದ ಪ್ರದರ್ಶನವೊಂದು ನಡೆಯಿತು. ಅನಿಲವನ್ನು ಸೇವಿಸಿದ ಒಬ್ಬಾತನ ಕಾಲಿಗೆ ಗಾಯವಾದರೂ ಆತನಿಗೆ ಅದರ ಅರಿವಾಗದಿದ್ದುದನ್ನು ಹೊರೇಸ್ ವೆಲ್ಸ್ ಎಂಬ ದಂತವೈದ್ಯ ನೋಡಿದ. ಮರುದಿನವೇ ತಾನು ಆ ಅನಿಲವನ್ನು ಸೇವಿಸಿ, ಜಾನ್ ರಿಗ್ಸ್ ಎಂಬ ಇನ್ನೊಬ್ಬ ದಂತವೈದ್ಯನಿಂದ ತನ್ನದೇ ಒಂದು ಹಲ್ಲನ್ನು ಕೀಳಿಸಿಕೊಂಡ. 1845ರಲ್ಲಿ ಬಾಸ್ಟನ್ನಿನ ವೈದ್ಯರೆದುರು ಇದನ್ನು ಮಾಡಿ ತೋರಿಸಲು ಹೋದಾಗ ರೋಗಿ ಕೂಗಿಕೊಂಡು, ವೆಲ್ಸ್ ಅಪಹಾಸ್ಯಕ್ಕೀಡಾದ. ಮರುವರ್ಷ ಅದೇ ನಗರದಲ್ಲಿ ಈಥರಿನಿಂದ ಯಶಸ್ವಿಯಾದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯನೇ. ಇಂದು ಎಲ್ಲ ಶಸ್ತ್ರಚಿಕಿತ್ಸೆಗಳಿಗೂ ಒದಗಿರುವ ಈ ವರ ಹಲ್ಲುನೋವಿನಿಂದಲೇ ಹುಟ್ಟಿತೆಂದರೆ ಅತಿಶಯೋಕ್ತಿಯಾಗದು.

ಇಂದು ದಂತವೈದ್ಯರು ಸಾಮಾನ್ಯವಾಗಿ ಉಪಯೋಗಿಸುವ ಲಿಗ್ನೊಕೇನನ್ನು ಸ್ವೀಡನ್ನಿನ ನೀಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದರು; 1948ರಿಂದ ಅದು ಮಾರುಕಟ್ಟೆಗೆ ಬಂದಿತು. ಗಾಳಿಯ ಒತ್ತಡದಿಂದ ನಿಮಿಷಕ್ಕೆ ಮೂರು ಲಕ್ಷದಷ್ಟು ಸುತ್ತು ತಿರುಗುವ ಕೊರೆಯುವ ಯಂತ್ರ 1957ರಲ್ಲಿ ಬಂದಿತು. ಅದಕ್ಕೆ ಮುನ್ನ, ಹೊಲಿಗೆಯ ಯಂತ್ರದಂತೆ ಕಾಲಿನಿಂದ ತುಳಿಯುವ ಯಂತ್ರಗಳು ಕೆಲವು ಸಾವಿರ ಸುತ್ತುಗಳ ವೇಗದಲ್ಲಿ, ತಲೆಬುರುಡೆಯೆಲ್ಲ ನಡುಗುವಂತೆ ಕೊರೆಯುತ್ತಿದ್ದವು. ಇಂದಿನ ಯಂತ್ರದಲ್ಲಿ ನಡುಕ ಕಡಿಮೆ. ಉಳಿದಿರುವುದು ಕೀರಲು ಶಬ್ದ. ಸೂಜಿಯೂ ಹಿಂದಿನಂತೆ ಕುದಿಸಿ ಕುದಿಸಿ ಮೊಂಡಾದುದಲ್ಲ. ಒಬ್ಬರಿಗೆ ಒಮ್ಮೆ ಉಪಯೋಗಿಸಿ ಎಸೆಯುವ ತೆಳುವಾದ ಸೂಜಿ. ವಾಸನೆಯ ವಿಷಯವಂತೂ ಸ್ವಾರಸ್ಯಕರವಾಗಿದೆ. ದಂತವೈದ್ಯರ ಕೋಣೆಯನ್ನು ಹೊಕ್ಕೊಡನೆ ಎದೆ ಝಲ್ಲೆನ್ನಿಸುವ ಆ ವಿಶಿಷ್ಟ ವಾಸನೆ ಬಹುಮಟ್ಟಿಗೆ ಯೂಜಿನಾಲ್ ಎಂಬುದರದು. ಯೂಜಿನಾಲ್ ಎಂದರೆ ಲವಂಗದೆಣ್ಣೆಯ ಸಾರ. ರಾತ್ರಿ ಅಡಿಗೆಮನೆಯಲ್ಲಿ ಅಭಯ ಕೊಟ್ಟ ಲವಂಗವೇ ಬೆಳಿಗ್ಗೆ ಅಲ್ಲಿ ಭಯ ಹುಟ್ಟಿಸುತ್ತದೆ!

ಬಾಯಿ ತೆರೆದ ಮೇಲೆ ಮಾತು

ನೋವು ಇಷ್ಟು ಕಡಿಮೆಯಾಗಿದ್ದರೂ ಭಯ ಏಕೆ ಉಳಿದಿದೆ? ಮಂಜಲ್‌ಪುರದ ಗೃಹಸ್ಥರಿಗೆ ಇಪ್ಪತ್ತು ವರ್ಷಗಳಲ್ಲಿ ಕೈಗೆ ಗಾಯವಾಗಿ ಹೊಲಿಗೆ ಹಾಕಿಸಿಕೊಂಡ ಪ್ರಸಂಗಗಳು ಎರಡೋ ಮೂರೋ ಇರಬಹುದು. ಅದಕ್ಕೆ ಅವರು ಇಷ್ಟು ಹೆದರಲಿಲ್ಲ. ಕೈಯನ್ನು ಚಾಚಿ ಕುಳಿತಾಗ ವೈದ್ಯರು ಮಾಡುವುದು ಕಾಣುತ್ತದೆ; “ಸ್ವಲ್ಪ ತಾಳಿ” ಎನ್ನಬಹುದು; ಬೇಡವೆನಿಸಿದರೆ ಕೈ ಹಿಂದೆಳೆದುಕೊಳ್ಳಬಹುದು. ದಂತವೈದ್ಯರ ಕುರ್ಚಿಯಲ್ಲಿ ಈ ಮೂರೂ ಇಲ್ಲ. ಅಂಗಾತ ಮಲಗಿ, ಕಣ್ಣಿಗೆ ದೀಪ ಹೊಡೆಯುತ್ತಿರಲು, ಬಾಯಿ ತೆರೆದು, ನಾಲಗೆಯ ಮೇಲೆ ಕನ್ನಡಿಯನ್ನೂ ತುಟಿಯ ಕೊನೆಯಲ್ಲಿ ಎಂಜಲು ಹೀರುವ ಕೊಳವೆಯನ್ನೂ ಧರಿಸಿದವನು ನೋಡಲಾರ, ಆಡಲಾರ, ಎದ್ದು ಹೋಗಲಾರ. ಭಯಗ್ರಸ್ತರನ್ನು ಬಿಡಿಸಿ ಕೇಳಿದರೆ ಅನೇಕರು ಕೊನೆಗೆ ಹೇಳುವುದು ಇದನ್ನೇ: ನೋವನ್ನು ತಡೆದೇವು, ಆದರೆ ಸಾಕು ಎನ್ನಲಾಗದಲ್ಲ!

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗನಿಗೆ ಈ ಅಸಹಾಯತೆ ಇಮ್ಮಡಿಯಾಗುತ್ತದೆ. ಬಾಯಿ ತೆರೆಯುವುದಕ್ಕೆ ಮುನ್ನವೇ ಅವನಿಗೆ ಅರ್ಧ ಮಾತು ಹೋಗಿರುತ್ತದೆ.

ಕನ್ನಡದಲ್ಲಿ ಹಲ್ಲುನೋವಿಗೆ ಇರುವ ಮಾತುಗಳನ್ನು ಎಣಿಸಿ ನೋಡಬೇಕು. ಜುಮ್ಮೆನ್ನುತ್ತದೆ, ಚುಳ್ಳೆನ್ನುತ್ತದೆ, ಸೆಳೆಯುತ್ತದೆ, ಮಿಡಿಯುತ್ತದೆ, ಕೊರೆಯುತ್ತದೆ, ಒತ್ತಿದಂತಾಗುತ್ತದೆ, ಉರಿಯುತ್ತದೆ. ಇವು ಕೇವಲ ಮಾತಿನ ಚಮತ್ಕಾರಗಳಲ್ಲ. ವೈದ್ಯರಿಗೆ ಇವುಗಳಲ್ಲಿಯೇ ಅರ್ಧ ರೋಗನಿದಾನವಿದೆ. ತಣ್ಣೀರು ಕುಡಿದಾಗ ಜುಮ್ಮೆಂದು ಕ್ಷಣದಲ್ಲಿ ನಿಂತರೆ, ಹಲ್ಲಿನ ಮೇಲಿನ ಗಟ್ಟಿ ಹೊದಿಕೆ ಸವೆದಿದೆ ಅಥವಾ ಹುಳುಕು ಇನ್ನೂ ಮೇಲುಮೇಲೆಯೇ ಇದೆ. ಹಲ್ಲು ತುಂಬಿಸಿದರೆ ಸಾಕಾಗಬಹುದು. ಬಿಸಿ ಕಾಫಿಗೆ ಎದ್ದ ನೋವು ಅರ್ಧ ಗಂಟೆಯಾದರೂ ಬಿಡದೆ, ಮಲಗಿದೊಡನೆ ನಾಡಿ ಹೊಡೆದಂತೆ ಮಿಡಿದರೆ, ಹಲ್ಲಿನೊಳಗಣ ತಿರುಳಿಗೇ ಉರಿಯೂತ ಮುಟ್ಟಿದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದಲೇ ಈ ನೋವು ರಾತ್ರಿ ಕಾಡುವುದು; ಇದಕ್ಕೆ ಬೇರುನಾಳದ ಚಿಕಿತ್ಸೆ ಬೇಕಾಗುತ್ತದೆ. ತಣ್ಣಗಿನದು, ಬಿಸಿಯದು ಯಾವುದೂ ತಾಕದೆ ಕಚ್ಚಿದಾಗ ಮಾತ್ರ ಚುಳ್ಳೆಂದರೆ, ಹಲ್ಲು ಸ್ವಲ್ಪ ಎತ್ತರವಾದಂತೆ ತೋರಿದರೆ, ಬೇರಿನ ತುದಿಯಲ್ಲಿ ತೊಂದರೆಯಿರಬಹುದು, ಇಲ್ಲವೇ ಹಲ್ಲು ಸೀಳಿರಬಹುದು.

ಊರಿನಲ್ಲಾಗಿದ್ದರೆ ಇದನ್ನೆಲ್ಲ ನಿರರ್ಗಳವಾಗಿ ಹೇಳಬಲ್ಲ ಗೃಹಿಣಿ, ಇಲ್ಲಿ ವೈದ್ಯರೆದುರು ಕೆನ್ನೆಯನ್ನು ತೋರಿಸಿ “ದುಖೇ ಛೇ” ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ವೈದ್ಯರು ಹೇಗೆ ನೋಯುತ್ತದೆಂದು ಕೇಳಿದರೆ ಮತ್ತೆ “ದುಖೇ ಛೇ” ಎಂಬುದೇ ಉತ್ತರ. ಗುಜರಾತಿಯಲ್ಲಿ ಮಾತುಗಳಿಲ್ಲವೆಂದಲ್ಲ, ಬೇಕಾದಷ್ಟಿವೆ. ಜುಮ್ಮೆನ್ನುವುದಕ್ಕೆ ಝಣಝಣಾಟ್ ಎನ್ನುತ್ತಾರೆ, ಸೆಳೆತಕ್ಕೆ ಸಣಕಾ, ಮಿಡಿತಕ್ಕೆ ಲಬಕಾರಾ. ಹುಳುಕಿಗೆ ಸಡೊ, ಊತಕ್ಕೆ ಸೋಜೊ, ದವಡೆ ಹಲ್ಲಿಗೆ ದಾಢ್. ತರಕಾರಿಯ ಅಂಗಡಿಯಲ್ಲಿ ಸಲೀಸಾಗಿ ಗುಜರಾತಿ ಆಡುವವರಿಗೂ ಈ ಏಳೆಂಟು ಶಬ್ದಗಳು ಬಾರದಿರುವುದು ಸಹಜವೇ, ಏಕೆಂದರೆ ಬದನೆಕಾಯಿಯ ವ್ಯಾಪಾರದಲ್ಲಿ ಇವು ಬರುವುದಿಲ್ಲ. ಎಲ್ಲಕ್ಕಿಂತ ಉಪಯುಕ್ತವಾದ ವಾಕ್ಯ “ಮನೆ ಬೀಕ್ ಲಾಗೇ ಛೇ” ಎಂಬುದು. ಇಲ್ಲಿ ‘ಮನೆ’ ಎಂದರೆ ‘ನನಗೆ’. ನನಗೆ ಭಯವಾಗುತ್ತದೆ ಎಂದರ್ಥ. ಕುರ್ಚಿಯಲ್ಲಿ ಕುಳಿತ ಕನ್ನಡಿಗನ ಬಾಯಲ್ಲಿ ‘ಮನೆ’ ಎಂಬ ಮಾತು ಮೊದಲು ಬರುವುದು ಎರಡು ಭಾಷೆಗಳಲ್ಲಿಯೂ ಸಮಂಜಸವೇ ಸರಿ.

ಕಛೇರಿಯ ಕೆಲಸದಲ್ಲಿರುವವರು ಇಂಗ್ಲಿಷ್ ಹಿಂದಿಗಳಿಂದ ಹೇಗೋ ನಿಭಾಯಿಸಿಯಾರು. ಹೆಚ್ಚು ಕಷ್ಟಪಡುವವರು ಊರಿನಿಂದ ಬಂದು ಮಗನ ಮನೆಯಲ್ಲಿರುವ ವೃದ್ಧರು. ಸಹಾಯಕಿ ಗೌರವದಿಂದ “ಬಾ” ಎಂದು ಕರೆಯುತ್ತಾಳೆ. ಗುಜರಾತಿಯಲ್ಲಿ ಅದು ತಾಯಿಯನ್ನು ಸಂಬೋಧಿಸುವ ಮಾತು. ಅಜ್ಜಿಗೆ ಅದು ‘ಎದ್ದು ಬಾ’ ಎಂಬ ಅಪ್ಪಣೆಯಾಗಿ ಕೇಳುತ್ತದೆ. ಸರದಿ ಬಂದಿಲ್ಲದಿದ್ದರೂ ಎದ್ದು ನಿಲ್ಲುತ್ತಾರೆ. ಒಳಗೆ ಏನು ಮಾಡುವರೆಂದು ತಿಳಿಯದು, ತಿಳಿದುಕೊಳ್ಳಲು ಕೇಳಲೂ ಬಾರದು. ಹೀಗಿರುವಲ್ಲಿ ಮುಂದಿನ ಬಾರಿ ಹಲ್ಲುನೋವನ್ನು ಯಾರಿಗೂ ಹೇಳದೆ ನುಂಗಿಕೊಂಡು, ಗಂಜಿಯನ್ನಷ್ಟೇ ಉಣ್ಣುತ್ತ ದಿನ ಕಳೆದರೆ ಆಶ್ಚರ್ಯವೇನಿದೆ?

ಊರಿಗೆ ಹೋದಾಗ ನೋಡಿದರಾಯಿತು

ಇದರ ಫಲವಾಗಿ ಪರಸ್ಥಳದ ಕನ್ನಡಿಗರಲ್ಲಿ ಒಂದು ಪದ್ಧತಿ ಬೆಳೆದಿದೆ. ಹಲ್ಲಿನ ತೊಂದರೆಗಳನ್ನೆಲ್ಲ ಬೇಸಗೆಯ ರಜೆಗೆಂದು ಮೀಸಲಿಡುವುದೇ ಆ ಪದ್ಧತಿ. ಊರಿನಲ್ಲಿ ಗೊತ್ತಿರುವ ವೈದ್ಯರಿದ್ದಾರೆ, ಕನ್ನಡದಲ್ಲಿ ಹೇಳಿಕೊಳ್ಳಬಹುದು ಎಂಬುದು ಒಪ್ಪತಕ್ಕ ಮಾತೇ. ಆದರೆ ಊರಿಗೆ ಹೋದ ಹದಿನೈದು ದಿನಗಳಲ್ಲಿ ಎರಡು ಮದುವೆ, ಒಂದು ಉಪನಯನ, ಕುಲದೇವರ ದರ್ಶನ. ಬೇರುನಾಳದ ಚಿಕಿತ್ಸೆ ಎಷ್ಟೋ ಸಲ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಮೇಲೆ ಹೊದಿಸುವ ಕಿರೀಟಕ್ಕೆ ಮತ್ತೆ ಕೆಲವು ದಿನಗಳು. ಅರ್ಧಕ್ಕೆ ನಿಂತ ಚಿಕಿತ್ಸೆ, ತಾತ್ಕಾಲಿಕವಾಗಿ ಮುಚ್ಚಿದ ಹಲ್ಲು ರೈಲಿನಲ್ಲಿ ಗುಜರಾತಿಗೆ ಹಿಂದಿರುಗುತ್ತವೆ. ಆ ತಾತ್ಕಾಲಿಕ ಮುಚ್ಚಳ ಮುಂದಿನ ಬೇಸಗೆಯವರೆಗೆ ಬಾಳುವುದಿಲ್ಲ.

ಈ ನಡುವೆ ನೋವು ಒಂದು ದಿನ ತಾನಾಗಿಯೇ ನಿಂತುಬಿಡುವುದುಂಟು. ಮನೆಯವರೆಲ್ಲ ಸಂತೋಷಪಡುತ್ತಾರೆ. ವಾಸ್ತವವಾಗಿ ಇದು ಅತ್ಯಂತ ಎಚ್ಚರಿಕೆಯಿಂದಿರಬೇಕಾದ ಗಳಿಗೆ. ಒಳಗಿನ ತಿರುಳು ಸತ್ತಾಗ ನೋವನ್ನು ತಿಳಿಸುವ ನರವೂ ಸಾಯುತ್ತದೆ. ಸೋಂಕು ಸಾಯುವುದಿಲ್ಲ, ಸದ್ದಿಲ್ಲದೆ ಬೇರಿನ ತುದಿಗಿಳಿದು ಎಲುಬಿನಲ್ಲಿ ಕೀವುಗಟ್ಟುತ್ತದೆ. ತಿಂಗಳುಗಳ ಮೇಲೆ ಮುಖ ಊದಿ ಜ್ವರ ಬಂದಾಗಲೇ ಅದರ ಇರವು ತಿಳಿಯುವುದು. ಊತ ಕುತ್ತಿಗೆಗಿಳಿದು ನುಂಗಲು, ಉಸಿರಾಡಲು, ಬಾಯಿ ತೆರೆಯಲು ತೊಡಕಾದರೆ ಅದು ಪ್ರಾಣಾಪಾಯದ ಲಕ್ಷಣ. ಬೆಳಗಾಗಲೆಂದು ಕಾಯದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

ತಡಮಾಡಿದುದಕ್ಕೆ ಇನ್ನೊಂದು ದಂಡವಿದೆ, ಹೆದರುವವರು ತಿಳಿಯಲೇಬೇಕಾದದ್ದು. ತೀವ್ರ ಉರಿಯೂತವಾದ ಜಾಗದಲ್ಲಿ ಆಮ್ಲತೆ ಹೆಚ್ಚಿರುವುದರಿಂದ ಮರಗಟ್ಟಿಸುವ ಔಷಧಿ ನರದೊಳಕ್ಕೆ ಚೆನ್ನಾಗಿ ಇಳಿಯುವುದಿಲ್ಲ. ಹುಳುಕು ಸಣ್ಣದಿದ್ದಾಗ ಬಂದವನಿಗೆ ನೋವಿಲ್ಲದೆ ಮುಗಿಯುವ ಕೆಲಸ, ತಾಳಲಾರದೆ ಕಡೆಗೆ ಬಂದವನಿಗೆ ನಿಜವಾಗಿಯೂ ನೋಯುತ್ತದೆ. ಅವನು “ನೋಡಿ, ಇದಕ್ಕೇ ನಾನು ಬರುತ್ತಿರಲಿಲ್ಲ” ಎಂದುಕೊಂಡು ಮನೆಗೆ ಹೋಗುತ್ತಾನೆ. ಭಯದಿಂದ ತಡ, ತಡದಿಂದ ಹಲ್ಲು ಕೆಡುವುದು, ಕೆಟ್ಟ ಬಾಯನ್ನು ತೋರಿಸಲು ನಾಚಿಕೆ, ನಾಚಿಕೆಯಿಂದ ಇನ್ನಷ್ಟು ಭಯ. ಈ ಗಾಣದ ಸುತ್ತನ್ನು ಸ್ವೀಡನ್ನಿನ ಉಲ್ಫ್ ಬೆರ್ಗ್ರೆನ್ 1984ರಲ್ಲಿ ವಿವರಿಸಿದರು. ಅವರ ವಿವರಣೆಯಲ್ಲಿ ನಾಚಿಕೆಗೆ ಸ್ಥಾನ ದೊರೆತಿರುವುದು ಮುಖ್ಯ. ವೈದ್ಯರು ಗದರುವರೆಂಬ ಅಂಜಿಕೆಯಿಂದಲೇ ದೂರವಿರುವವರು ಬಹಳ.

ಭಯಕ್ಕೆ ಆಸರೆಯಾಗಿ ಕೆಲವು ನಂಬಿಕೆಗಳೂ ಇವೆ. ಮೇಲಿನ ಹಲ್ಲು ಕಿತ್ತರೆ ದೃಷ್ಟಿ ಮಂದವಾಗುತ್ತದೆಂಬುದು ಕರ್ನಾಟಕದಲ್ಲಿಯೂ ಗುಜರಾತಿನಲ್ಲಿಯೂ ಒಂದೇ ತೆರನಾಗಿ ಕೇಳಿಬರುವ ಮಾತು. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಹಲ್ಲು ಕೀಳಿಸುವ ವಯಸ್ಸೂ ಚಾಳೀಸು ಬರುವ ವಯಸ್ಸೂ ಒಂದಾದುದರಿಂದ ಹುಟ್ಟಿದ ಭ್ರಮೆಯಿದು. ಹಲ್ಲು ಸ್ವಚ್ಛಮಾಡಿಸಿದರೆ ಸಡಿಲವಾಗುತ್ತವೆಂಬುದೂ ಅಂತಹುದೇ. ಕಲ್ಲಿನಂತೆ ಗಟ್ಟಿಯಾದ ಕೊಳೆ ಒಸಡನ್ನು ತಿಂದು ಹಲ್ಲನ್ನು ಮೊದಲೇ ಸಡಿಲಗೊಳಿಸಿರುತ್ತದೆ; ಅದನ್ನು ತೆಗೆದಾಗ ಸಡಿಲ ಗೊತ್ತಾಗುತ್ತದೆ, ಅಷ್ಟೆ.

ನಂಬಿಕೆಗಳಿಗಿಂತ ಕೇಡು ಮಾಡುವುದು ಹೊಗೆಸೊಪ್ಪು. ಮೈಸೂರು ಸೀಮೆಯ ಕಡ್ಡಿಪುಡಿ, ಉತ್ತರ ಕರ್ನಾಟಕದ ಮಿಶ್ರಿ, ಗುಜರಾತಿನ ಬಜರ್ ಇವೆಲ್ಲವೂ ಹಲ್ಲುನೋವಿನ ಉಪಶಮನಕ್ಕೆಂದು ಒಸಡಿಗೆ ಉಜ್ಜುವ ನೆಪದಲ್ಲಿ ಮನೆ ಹೊಕ್ಕವು. ಅಡಿಕೆ, ಸುಣ್ಣ, ತಂಬಾಕು ಕಲಸಿದ ಮಾವಾ ಇಲ್ಲಿಯ ಗಲ್ಲಿಗಲ್ಲಿಯಲ್ಲಿ ಪರಿಚಿತ. ಗುಜರಾತ್ ಸರಕಾರ 2012ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಚಟ ನಿಷೇಧಕ್ಕೆ ಬಗ್ಗಲಿಲ್ಲ. ಹೊಗೆಸೊಪ್ಪು ಅಡಿಕೆಗಳ ಅಭ್ಯಾಸವಿದ್ದವರು ದಂತವೈದ್ಯರಿಗೆ ಹೆದರಿ ಬಾಯಿ ತೋರಿಸದಿರುವುದು ಎಲ್ಲಕ್ಕಿಂತ ದುಬಾರಿಯಾದ ಭಯ. ಎರಡು ವಾರಗಳಾದರೂ ಮಾಯದ ಹುಣ್ಣು, ಕೆಂಪು ಅಥವಾ ಬಿಳಿಯ ಮಚ್ಚೆ, ಮೂರು ಬೆರಳುಗಳನ್ನು ನಿಲುವಾಗಿ ಹಿಡಿಸಲಾರದಷ್ಟು ಕಿರಿದಾದ ಬಾಯಿ ಇವನ್ನು ಮೊದಲು ಗುರುತಿಸಬಲ್ಲವರು ದಂತವೈದ್ಯರು. ಬಾಯಿಯ ಕ್ಯಾನ್ಸರಿಗೆ ಮೊದಮೊದಲು ನೋವೇ ಇರದೆಂಬುದನ್ನು ಮರೆಯಬಾರದು.

ಕುರ್ಚಿಗೆ ಮುನ್ನ, ಕುರ್ಚಿಯಲ್ಲಿ

ಪರಿಹಾರವೇನು? ಧೈರ್ಯ ತಂದುಕೊಳ್ಳಿ ಎಂಬ ಉಪದೇಶದಿಂದ ಯಾರಿಗೂ ಧೈರ್ಯ ಬಂದುದಿಲ್ಲ. ಕುರ್ಚಿಯಲ್ಲಿ ಕಳೆದುಕೊಂಡ ಹಿಡಿತವನ್ನು ತುಸು ತುಸುವಾಗಿ ಹಿಂದಕ್ಕೆ ಪಡೆಯುವುದೇ ದಾರಿ. ಮೊದಲ ಭೇಟಿ ಹಲ್ಲು ನೋಯದಿರುವಾಗಲೇ ಆಗುವುದು ಒಳ್ಳೆಯದು. ಅಂದು ನೋಡಿ ಹೇಳುವುದು ಮಾತ್ರ, ಯಾವ ಕೆಲಸವೂ ಬೇಡ ಎಂದು ಮೊದಲೇ ಕೇಳಿಕೊಳ್ಳಬಹುದು. ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಮಾತು ತೊಡಕಾಗುವವರು ಯಾವ ಹಲ್ಲು, ಎಂದಿನಿಂದ, ತಣ್ಣಗಿನದಕ್ಕೋ ಬಿಸಿಗೋ, ಹಗಲೋ ರಾತ್ರಿಯೋ ಎಂಬುದನ್ನು ಮನೆಯಲ್ಲಿಯೇ ಚೀಟಿಯಲ್ಲಿ ಬರೆಸಿ ಒಯ್ಯಬೇಕು. ಆ ಚೀಟಿಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ನುಂಗುತ್ತಿರುವ ಮಾತ್ರೆಗಳು, ಹಿಂದೆ ಒಗ್ಗದ ಔಷಧಿ, ಗರ್ಭಿಣಿಯಾಗಿದ್ದರೆ ಅದು, ಎಲ್ಲವೂ ಇರಲಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವೇ ನಿಲ್ಲಿಸಿಬಿಡುವವರಿದ್ದಾರೆ; ಅದು ಹಲ್ಲಿಗಿಂತ ದೊಡ್ಡ ಆಪತ್ತು. ವೈದ್ಯರನ್ನು ಕೇಳದೆ ನಿಲ್ಲಿಸಕೂಡದು.

ಸಮಯವನ್ನು ಬೆಳಗಿನ ಹೊತ್ತಿಗೆ ಗೊತ್ತುಮಾಡಿಕೊಂಡರೆ ದಿನವಿಡೀ ಕಾದು ಕುದಿಯುವುದು ತಪ್ಪುತ್ತದೆ. ಹೊಟ್ಟೆ ಖಾಲಿಯಿರಬಾರದು. ಹಲ್ಲಿನ ಸುತ್ತ ಮಾತ್ರ ಮರಗಟ್ಟಿಸುವಾಗ ಉಪವಾಸ ಬೇಕಿಲ್ಲ. ಸಕ್ಕರೆ ಕಾಯಿಲೆಯವರಂತೂ ಮಾತ್ರೆ ನುಂಗಿ ಉಪಾಹಾರ ಬಿಟ್ಟು ಹೋದರೆ ಕುರ್ಚಿಯಲ್ಲಿಯೇ ತಲೆ ಸುತ್ತಿ ಬೀಳುತ್ತಾರೆ. ಸೂಜಿಗೆ ಅಂಜುವವರು ಮೊದಲು ಒಸಡಿಗೆ ಮರಗಟ್ಟಿಸುವ ಲೇಪವನ್ನು ಹಚ್ಚಿ, ಔಷಧಿಯನ್ನು ನಿಧಾನವಾಗಿ ಬಿಡುವಂತೆ ಕೇಳಿಕೊಳ್ಳಬಹುದು; ನೋವು ಬಹುಮಟ್ಟಿಗೆ ಸೂಜಿಯಿಂದಲ್ಲ, ಔಷಧಿಯನ್ನು ಒಮ್ಮೆಗೇ ಒತ್ತುವುದರಿಂದ. ಆ ಔಷಧಿಯಲ್ಲಿ ಅಡ್ರಿನಲಿನ್ ಬೆರೆತಿರುವುದುಂಟು. ಅದರಿಂದ ಕೆಲವರಿಗೆ ಎದೆ ಡವಡವನೆ ಹೊಡೆದುಕೊಂಡು ಕೆಲ ನಿಮಿಷಗಳಲ್ಲಿ ಶಮನವಾಗುತ್ತದೆ. ಇದನ್ನು ತಿಳಿಯದವರು ಪ್ರಾಣವೇ ಹೋಗುತ್ತದೆಂದು ಗಾಬರಿಯಾಗುತ್ತಾರೆ, ಅಥವಾ ಆ ಔಷಧಿ ತಮಗೆ ಒಗ್ಗದೆಂದು ಜನ್ಮವಿಡೀ ಹೇಳಿಕೊಳ್ಳುತ್ತಾರೆ.

ಉಸಿರಾಟ ಒಂದು ಸಾಧನ. ಮೂಗಿನಿಂದ ನಿಧಾನವಾಗಿ ಹೊಟ್ಟೆ ಉಬ್ಬುವಂತೆ ಉಸಿರೆಳೆದು, ಅದಕ್ಕಿಂತ ಹೆಚ್ಚು ಹೊತ್ತು ಬಿಡುವುದು. ಪ್ರಾಣಾಯಾಮ ಬಲ್ಲವರಿಗೆ ಇದು ಹೊಸತಲ್ಲ; ಆದರೆ ಕುರ್ಚಿಯಲ್ಲಿ ನೆನಪಾಗುವುದಿಲ್ಲ, ಆದುದರಿಂದ ವಾರದ ಮೊದಲೇ ರೂಢಿಸಿಕೊಳ್ಳಬೇಕು. ಸೂಜಿ ಅಥವಾ ರಕ್ತ ಕಂಡೊಡನೆ ಮೂರ್ಛೆ ಹೋಗುವವರ ಬಗೆ ಬೇರೆ. ಅವರಿಗೆ ರಕ್ತದೊತ್ತಡ ತಟ್ಟನೆ ಇಳಿಯುವುದರಿಂದ, ಮೈ ಸಡಿಲಬಿಡುವುದು ಪ್ರತಿಕೂಲವೇ ಆದೀತು. ತೋಳು, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು, ಬಿಟ್ಟು, ಅರ್ಧ ನಿಮಿಷದ ಮೇಲೆ ಮತ್ತೆ ಬಿಗಿಹಿಡಿಯುವ ಕ್ರಮವನ್ನು ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಯೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದರು. ನಾಲ್ಕೈದು ಬಾರಿ ಹಾಗೆ ಮಾಡಿದರೆ ಒತ್ತಡ ಇಳಿಯದು.

ಇವೆಲ್ಲಕ್ಕೂ ಮೇಲಾದುದು ಒಂದು ಸಣ್ಣ ಒಪ್ಪಂದ. ಕೆಲಸ ಆರಂಭವಾಗುವ ಮುನ್ನ ವೈದ್ಯರೊಡನೆ ಮಾತಾಡಿಕೊಳ್ಳಬೇಕು: ಎಡಗೈ ಎತ್ತಿದರೆ ನಿಲ್ಲಿಸಬೇಕು. ವೈದ್ಯರು ಸಾಮಾನ್ಯವಾಗಿ ಬಲಗಡೆ ಇರುವುದರಿಂದ ಎಡಗೈಯೇ ಲೇಸು, ಉಪಕರಣಕ್ಕೆ ತಾಕುವುದಿಲ್ಲ. ಬಾಯಿ ತೆರೆದ ಮೇಲೆ ಕನ್ನಡಿಗನೂ ಮೂಗನೇ, ಗುಜರಾತಿಯೂ ಮೂಗನೇ. ಎತ್ತಿದ ಕೈಗೆ ವ್ಯಾಕರಣ ಬೇಕಿಲ್ಲ. ವೃದ್ಧರನ್ನು ಕರೆದೊಯ್ಯುವ ಮಕ್ಕಳು ಈ ಸಂಜ್ಞೆಯನ್ನು ವೈದ್ಯರಿಗೂ ತಾಯಿಗೂ ಎದುರೆದುರೇ ತಿಳಿಸಿಕೊಟ್ಟರೆ, ಒಳಗೆ ಭಾಷಾಂತರಕಾರರಾಗಿ ನಿಂತಿರಬೇಕಾದ ಅಗತ್ಯವೇ ಕಡಿಮೆಯಾಗುತ್ತದೆ.

ಮಕ್ಕಳ ವಿಷಯದಲ್ಲಿ ಎರಡು ಮಾತು. “ಗಲಾಟೆ ಮಾಡಿದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ” ಎಂದು ಮನೆಯಲ್ಲಿ ಬೆದರಿಸಿ, ಹಲ್ಲು ಹುಳುಕಾದ ದಿನ “ಡಾಕ್ಟರು ಒಳ್ಳೆಯವರು ಪುಟ್ಟಾ” ಎಂದರೆ ಮಗು ಯಾವುದನ್ನು ನಂಬಬೇಕು? ಏನೂ ನೋಯುವುದಿಲ್ಲವೆಂದು ಆಣೆ ಹಾಕುವುದೂ ತಪ್ಪೇ. ಒಮ್ಮೆ ನೋಯಿತೆಂ‌ದರೆ ತಾಯಿಯ ಮಾತಿನ ಮೇಲಿನ ನಂಬಿಕೆ ಹಲ್ಲಿನೊಡನೆಯೇ ಹೋಗುತ್ತದೆ. ಮಕ್ಕಳ ದಂತವೈದ್ಯದಲ್ಲಿ 1959ರಿಂದ ಹೆಸರಾದ ಕ್ರಮವೊಂದಿದೆ: ಮೊದಲು ಹೇಳುವುದು, ಅನಂತರ ಉಪಕರಣವನ್ನು ತೋರಿಸುವುದು, ಆಮೇಲಷ್ಟೇ ಮಾಡುವುದು. ದೊಡ್ಡವರು ತಮಗೂ ಹಾಗೆಯೇ ಮಾಡಬೇಕೆಂದು ಕೇಳಿಕೊಂಡರೆ ಅವಮಾನವೇನಿಲ್ಲ.

ಇಷ್ಟರಿಂದಲೂ ಅಳಿಯದ ಭಯ ಕೆಲವರಲ್ಲಿರುತ್ತದೆ. ಕುರ್ಚಿಯನ್ನು ನೆನೆದರೇ ನಿದ್ರೆ ಹೋಗುವವರು, ವರ್ಷಗಟ್ಟಲೆ ಒಂದೇ ಕಡೆ ಅಗಿಯುವವರು ಮನೋವೈದ್ಯರ ಅಥವಾ ಮನೋವಿಜ್ಞಾನಿಗಳ ನೆರವು ಪಡೆಯಬಹುದು; ಭಯದ ವಸ್ತುವಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರವಾಗಿಸುವ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಹೊರೇಸ್ ವೆಲ್ಸನ ಆ ನಗೆಯನಿಲವೂ ಆಮ್ಲಜನಕದೊಡನೆ ಬೆರೆಸಿ ಇಂದಿಗೂ ಕೆಲವೆಡೆ ಕೊಡಲ್ಪಡುತ್ತದೆ. ಅದು ನಿದ್ರೆ ಬರಿಸುವುದಿಲ್ಲ. ಕೆಲಸ ನಡೆಯುತ್ತಿದ್ದರೂ ಅದು ಅಷ್ಟು ಮುಖ್ಯವಲ್ಲವೆಂಬ ಭಾವ ಬರಿಸುತ್ತದೆ.

ಮಂಜಲ್‌ಪುರದ ಗೃಹಸ್ಥರು ಏನು ಮಾಡಿಯಾರು? ಪತ್ನಿಯ ಒತ್ತಾಯದಿಂದ ಒಂದು ಬೆಳಿಗ್ಗೆ ಉಪಾಹಾರ ಮುಗಿಸಿ, ಚೀಟಿ ಹಿಡಿದು ಹೊರಟರೆನ್ನಬಹುದು. ಮೊದಲ ದಿನ ವೈದ್ಯರು ನೋಡಿ, ಕ್ಷಕಿರಣ ಚಿತ್ರ ತೆಗೆದು ಕಳುಹಿಸುತ್ತಾರೆ. ಎರಡನೆಯ ಭೇಟಿಯಲ್ಲಿ ತುಟಿ ದಪ್ಪಗಾದಂತೆ ಮರಗಟ್ಟಿದ ಮೇಲೆ ಯಂತ್ರ ಕೀರಲು ದನಿಯಿಂದ ತಿರುಗತೊಡಗುತ್ತದೆ. ಅವರು ಎಡಗೈ ಎತ್ತುತ್ತಾರೆ. ಯಂತ್ರ ತಟ್ಟನೆ ನಿಲ್ಲುತ್ತದೆ. “ದುಖೇ ಛೇ, ಕಾಕಾ?” ಎಂದು ವೈದ್ಯರು ಬಗ್ಗಿ ಕೇಳುತ್ತಾರೆ. ಅವರು ಇಲ್ಲವೆಂದು ತಲೆಯಾಡಿಸುತ್ತಾರೆ. ನೋವೇನೂ ಇರಲಿಲ್ಲ, ನಿಲ್ಲುತ್ತದೆಯೋ ಇಲ್ಲವೋ ಎಂದು ನೋಡಬೇಕಾಗಿತ್ತು. ಕೈ ಇಳಿಸಿ ಮತ್ತೆ ಬಾಯಿ ತೆರೆಯುತ್ತಾರೆ.